ಕಪ್ ಇಡೂದು ಎಲ್ಲಿ?

2025ರ ಜೂನ್ 3ರ ರಾತ್ರಿ ನಮ್ಮೂರು ಮರಳಿಯಲ್ಲಿ ಯಾರೂ ಬೇಗ ಮಲಗಲಿಲ್ಲ. ಬೇಸಿಗೆ ಭತ್ತ ಕೊಯ್ದಾಗಿತ್ತು, ಎಡದಂಡೆ ಕಾಲುವೆಗೆ ನೀರು ಬಿಡಲು ಇನ್ನೂ ದಿನವಿತ್ತು, ಗದ್ದೆಯಲ್ಲಿ ಕೂಳೆ ಬಿಟ್ಟರೆ ಏನೂ ಇರಲಿಲ್ಲ. ರೈತನಿಗೆ ಕೈ ಬಿಡುವಾಗುವ ವರ್ಷದ ಒಂದೆರಡು ಕಾಲದಲ್ಲಿ ಅದೂ ಒಂದು. ಚಹಾದಂಗಡಿಯ ಟಿವಿ ಮುಂದೆ ಇದ್ದಬದ್ದವರೆಲ್ಲ ಕೂತಿದ್ದೆವು. ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್‌ನ ಕೊನೆಯ ಓವರ್ ಮುಗಿದು, ಪಂಜಾಬ್ 184ಕ್ಕೆ ನಿಂತು, ಆರ್‌ಸಿಬಿ 6 ರನ್‌ಗಳಿಂದ ಗೆದ್ದಾಗ ಹುಡುಗರು ಪಟಾಕಿ ಸರ ಹಚ್ಚಿಯೇ ಬಿಟ್ಟರು. ದೀಪಾವಳಿಯದು ಉಳಿಸಿಟ್ಟಿದ್ದರೋ ಏನೋ, ಅರ್ಧ ಟುಸ್ ಅಂದವು. ಗಂಗಾವತಿ ಕಡೆಯಿಂದ ಬಂದ ಲಾರಿಯವನೊಬ್ಬ ಹಾರ್ನ್ ಒತ್ತಿಕೊಂಡೇ ಕಾರಟಗಿ ಕಡೆ ಹೋದ.

ಆ ಗದ್ದಲದಲ್ಲಿ, ಬೀಡಿ ಆರಿಹೋಗಿದ್ದರೂ ಬಾಯಲ್ಲೇ ಇಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರು ಕೇಳಿದರು:

"ಅಲ್ಲಲೇ, ಕಪ್ ನಮ್ದ, ಕಪ್ ನಮ್ದ ಅಂತ ಬಡ್ಕೊಳ್ಳಾಕ ಹತ್ತೀರಲ್ಲ, ಅದನ್ನ ಇಡೂದು ಎಲ್ಲಿ?"

"ಬೆಂಗಳೂರಾಗ, ಕಾಕಾ."

"ಮತ್ತ ನಮ್ದು ಹ್ಯಾಂಗಾತದು?"

ಹುಡುಗರು ನಕ್ಕು ಬಿಟ್ಟರು. ನನಗೆ ಮಾತ್ರ ಆ ಮಾತು ಬಿಡಲಿಲ್ಲ. ಒಂದು ತಂಡ, ಒಂದು ಅಂಗಳ ಅಷ್ಟು ದೂರದ ಊರಿಗೆ 'ನಮ್ದು' ಆಗುವುದು ಹೇಗೆ? ಆಗುವುದಕ್ಕೆ ಎಷ್ಟು ವರ್ಷ ಹಿಡಿಯಿತು? ಕಾಕಾನಿಗೆ ಆ ರಾತ್ರಿ ಕೊಡಲಾಗದ ಉತ್ತರವನ್ನು ಇಲ್ಲಿ ಕೊಡಲು ನೋಡುತ್ತೇನೆ.

ಕಾಕಾ ಹುಟ್ಟಿದಾಗ ಮರಳಿ ನಿಜಾಮರ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿತ್ತು. ಈಗ ನಾವಿರುವ ಕೊಪ್ಪಳ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ, ಅದು ಬಹಳ ಈಚಿನ ಮಾತು. ಕ್ರಿಕೆಟ್ ಲೆಕ್ಕದಲ್ಲಿ ಆಗ ನಮ್ಮ ತಂಡ ಹೈದರಾಬಾದ್. ಆ ತಂಡ 1937-38ರಲ್ಲೇ ರಣಜಿ ಟ್ರೋಫಿ ಗೆದ್ದಿತ್ತು. ಅಂದರೆ ಕಾಗದದ ಪ್ರಕಾರ ಮರಳಿಯವರಿಗೆ ಮೊದಲ ಕಪ್ ಸಿಕ್ಕಿದ್ದು ಬೆಂಗಳೂರಿನವರಿಗಿಂತ 36 ವರ್ಷ ಮೊದಲು! ನಮ್ಮಜ್ಜಂದಿರಿಗೆ ಅದರ ಸುದ್ದಿಯೂ ಮುಟ್ಟಿರಲಿಕ್ಕಿಲ್ಲ. ಮುಟ್ಟಿದ್ದರೂ ಜೋಳದ ರಾಶಿ ಬಿಟ್ಟು ಅದನ್ನು ಕೇಳುವವರು ಯಾರು?

ಅತ್ತ ಮೈಸೂರಿನ ಆರಂಭ ಹೇಳಿಕೊಳ್ಳುವಂತಿರಲಿಲ್ಲ. ಬೆಂಗಳೂರಿನಲ್ಲಿ ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1933ರಲ್ಲಿ. ಮರುವರ್ಷವೇ ರಣಜಿ ಟ್ರೋಫಿ ಶುರುವಾಯಿತು, ಅದರ ಚರಿತ್ರೆಯ ಮೊಟ್ಟಮೊದಲ ಪಂದ್ಯವೇ ಮೈಸೂರಿನ ಪಾಲಿಗೆ ಬಂತು. 1934ರ ನವೆಂಬರ್ 4, ಮದ್ರಾಸಿನ ಚೆಪಾಕ್ ಅಂಗಳ. ಮೈಸೂರು ಮೊದಲು 48ಕ್ಕೆ ಗಂಟುಮೂಟೆ ಕಟ್ಟಿತು. ಮದ್ರಾಸ್ 130 ಹೊಡೆಯಿತು. ಮೈಸೂರು ಮತ್ತೆ ಆಡಿ 59ಕ್ಕೆ ಮುಗಿಯಿತು. ಎ.ಜಿ. ರಾಮ್‌ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಬೆಳಿಗ್ಗೆ ಶುರುವಾದ ಪಂದ್ಯ ಅದೇ ಸಂಜೆ ಮುಗಿದುಹೋಯಿತು.

ಅದಾದ ಮೇಲೆ ಮೈಸೂರು ಎರಡು ಸಲ ಫೈನಲ್ ತನಕ ಹೋಯಿತು, 1941-42ರಲ್ಲಿ ಮತ್ತು 1959-60ರಲ್ಲಿ. ಎರಡು ಸಲವೂ ಸೋಲಿಸಿದ್ದು ಬೊಂಬಾಯಿ. ಆ ಎರಡು ಫೈನಲ್‌ಗಳ ನಡುವೆ ನಾಡಿನ ನಕಾಶೆಯೇ ಬದಲಾಗಿತ್ತು. 1956ರ ನವೆಂಬರ್ 1ಕ್ಕೆ ಹೈದರಾಬಾದಿನ ಕನ್ನಡ ಜಿಲ್ಲೆಗಳು, ಬೊಂಬಾಯಿ ಪ್ರಾಂತದ ಧಾರವಾಡ, ಬೆಳಗಾವಿ, ವಿಜಾಪುರ ಎಲ್ಲ ಬಂದು ಮೈಸೂರು ರಾಜ್ಯಕ್ಕೆ ಸೇರಿದವು. ನಾವು ಒಂದು ರಾತ್ರಿಯಲ್ಲಿ ತಂಡ ಬದಲಿಸಿದೆವು. ಆದರೆ ಹೆಸರು ಇನ್ನೂ 'ಮೈಸೂರು' ಎಂದೇ ಇತ್ತು. ನಮ್ಮ ಕಡೆಯವರಿಗೆ ಮೈಸೂರು ಅಂದರೆ ದಸರೆ, ಅರಮನೆ, ದೂರದ ಬೇರೊಂದು ಸೀಮೆ. ಅದರ ತಂಡ ಗೆದ್ದರೆ ಹಿಗ್ಗಬೇಕು ಅನ್ನಿಸುವುದಾದರೂ ಹೇಗೆ?

ತಂಡಕ್ಕೆ ಆಗ ಸ್ವಂತದ ಅಂಗಳವೂ ಇರಲಿಲ್ಲ. ಬೆಂಗಳೂರಿನ ದೊಡ್ಡ ಪಂದ್ಯಗಳು ಸೆಂಟ್ರಲ್ ಕಾಲೇಜಿನ ಮೈದಾನದಲ್ಲಿ ನಡೆಯುತ್ತಿದ್ದವು. ಕಾಲೇಜಿನ ಹುಡುಗರು ಆಡಿ ಬಿಟ್ಟ ಜಾಗ, ಸುತ್ತ ಮರ. ಟೆಸ್ಟ್ ಪಂದ್ಯ ಮದ್ರಾಸಿಗೆ ಹೋಗುತ್ತಿತ್ತು, ಹೈದರಾಬಾದಿಗೆ ಹೋಗುತ್ತಿತ್ತು, ಕಾನ್ಪುರಕ್ಕೂ ಹೋಗುತ್ತಿತ್ತು, ಬೆಂಗಳೂರಿಗೆ ಬರುತ್ತಿರಲಿಲ್ಲ.

ಇದನ್ನು ಹಟ ಹಿಡಿದು ಬದಲಿಸಿದವರು ಮಂಡ್ಯ ಕಡೆಯ ವಕೀಲ ಎಂ. ಚಿನ್ನಸ್ವಾಮಿ. 1900ರಲ್ಲಿ ಹುಟ್ಟಿದವರು, ಶತಮಾನದ ಜೊತೆಗೇ ನಡೆದವರು. ಸಂಸ್ಥೆಯ ಕಾರ್ಯದರ್ಶಿಯಾಗಿ ದಶಕಗಟ್ಟಲೆ ದುಡಿದರು, 1977ರಿಂದ 1980ರ ತನಕ ಭಾರತೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರೂ ಆದರು. ಅವರ ಹೆಸರು ನಿಂತಿರುವುದು ಮಾತ್ರ ಕಬ್ಬನ್ ಪಾರ್ಕಿನ ಅಂಚಿನ ಅಂಗಳದಲ್ಲಿ. 1970ರಲ್ಲಿ ಅಲ್ಲಿ ಕಟ್ಟಡದ ಕೆಲಸ ಹಿಡಿದರು. ಒಂದು ಕಡೆ ಕಬ್ಬನ್ ರಸ್ತೆ, ಒಂದು ಕಡೆ ಕ್ವೀನ್ಸ್ ರಸ್ತೆ, ಕೂಗಳತೆಯಲ್ಲಿ ಎಂ.ಜಿ. ರಸ್ತೆ. ಊರ ನಟ್ಟನಡುವೆ ಅಂಗಳ ಸಿಕ್ಕಿದ್ದು ಆಗ ದೊಡ್ಡ ಭಾಗ್ಯ ಅನ್ನಿಸಿರಬೇಕು. ಅದೇ ಒಂದು ದಿನ ಕುತ್ತಾದೀತು ಎಂದು ಆಗ ಯಾರಿಗೆ ಹೊಳೆದೀತು? ಮೊದಲಿಗೆ ಅದರ ಹೆಸರು ಕೆಎಸ್‌ಸಿಎ ಸ್ಟೇಡಿಯಂ, ಅಂದರೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಸ್ಟೇಡಿಯಂ. ಚಿನ್ನಸ್ವಾಮಿಯವರ ಹೆಸರು ಇಟ್ಟಿದ್ದು ಆಮೇಲೆ.

ಇನ್ನು ನಾನು ಅವಸರ ಮಾಡಲೊಲ್ಲದ ಘಟ್ಟ ಬಂತು.

1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕ ಎಂದಾಯಿತು. ಅದೇ ಋತುವಿನಲ್ಲಿ ಕರ್ನಾಟಕ ಎಂಬ ಹೆಸರಿನ ತಂಡ ಮೊದಲ ಸಲ ರಣಜಿ ಆಡಿತು. ಹೊಸ ಹೆಸರಿಟ್ಟುಕೊಂಡು ನಾಲ್ಕೈದು ತಿಂಗಳಾಗಿತ್ತು, ಅಷ್ಟೆ. 1974ರ ಮಾರ್ಚ್‌ನಲ್ಲಿ ಸೆಮಿಫೈನಲ್, ಕಟ್ಟಡ ಇನ್ನೂ ಪೂರಾ ಆಗದ ಆ ಹೊಸ ಅಂಗಳದಲ್ಲಿ. ಎದುರಿಗೆ ಬೊಂಬಾಯಿ. ಆ ಬೊಂಬಾಯಿ ಎಂಥದೆಂದರೆ, 1958-59ರಿಂದ 1972-73ರ ತನಕ ಸತತ 15 ವರ್ಷ ರಣಜಿ ಟ್ರೋಫಿಯನ್ನು ಬೇರೆ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಆ ಸಾಲು ಶುರುವಾದಾಗ ಹುಟ್ಟಿದ ಕೂಸು ಅಷ್ಟೊತ್ತಿಗೆ ಮೀಸೆ ಚಿಗುರಿಸಿಕೊಂಡಿರುತ್ತಿತ್ತು. ಗಾವಸ್ಕರ್, ವಾಡೇಕರ್, ಅಶೋಕ್ ಮಂಕಡ್. ಭಾರತ ತಂಡದ ಅರ್ಧ ಅಲ್ಲೇ ಇತ್ತು.

ಇತ್ತ ಕಡೆ ನಾಯಕ ಇ.ಎ.ಎಸ್. ಪ್ರಸನ್ನ. ಜೊತೆಗೆ ಪೋಲಿಯೊ ತಾಗಿ ಸೊರಗಿದ ಬಲಗೈಯನ್ನೇ ಆಯುಧ ಮಾಡಿಕೊಂಡ ಬಿ.ಎಸ್. ಚಂದ್ರಶೇಖರ್, ಮೂರು ವರ್ಷದ ಹಿಂದೆ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಭಾರತಕ್ಕೆ ಇಂಗ್ಲೆಂಡ್ ನೆಲದ ಮೊದಲ ಗೆಲುವು ತಂದವರು. ವಿಕೆಟ್ ಹಿಂದೆ ಕಿರ್ಮಾನಿ. ಬ್ಯಾಟಿಂಗಿಗೆ ಭದ್ರಾವತಿಯ ಗಿಡ್ಡ ಹುಡುಗ ಗುಂಡಪ್ಪ ವಿಶ್ವನಾಥ್, 1967ರಲ್ಲಿ ತನ್ನ ಮೊದಲ ಪ್ರಥಮ ದರ್ಜೆ ಪಂದ್ಯದಲ್ಲೇ ಆಂಧ್ರದ ಮೇಲೆ 230 ಹೊಡೆದವರು.

ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಕರ್ನಾಟಕ 385. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸಿನಲ್ಲಿ ಮುಂದಿದ್ದವರಿಗೆ ಜಯ. ಹಾಗಾಗಿ ಬೊಂಬಾಯಿ 386 ಮುಟ್ಟುತ್ತದೋ ಇಲ್ಲವೋ ಎಂಬುದೇ ಇಡೀ ಪಂದ್ಯ. ಗಾವಸ್ಕರ್ 30 ಹೊಡೆದು ನೆಲೆ ಊರುತ್ತಿದ್ದಾಗ ಪ್ರಸನ್ನ ಅವರನ್ನು ಬೌಲ್ಡ್ ಮಾಡಿದರು. ಬೆಂಗಳೂರಿನ ಹಳಬರು ಇವತ್ತಿಗೂ ಆ ಎಸೆತವನ್ನು ಕೈ ತಿರುಗಿಸಿ ಆಡಿ ತೋರಿಸುತ್ತಾರೆ, ಒಬ್ಬೊಬ್ಬರು ಒಂದೊಂದು ರೀತಿ. ಆಮೇಲೆ ವಾಡೇಕರ್ ಮತ್ತು ಮಂಕಡ್ ಬೇರುಬಿಟ್ಟರು. ರನ್ ಏರುತ್ತ ಹೋಯಿತು. ಪಂದ್ಯ ಕೈ ಬಿಟ್ಟಿತು ಅನ್ನುವ ಹೊತ್ತಿಗೆ, ಓಡಲು ಹೊರಟ ವಾಡೇಕರ್ ತಿರುಗುವಾಗ ಕಾಲು ಜಾರಿದರು. ಸುಧಾಕರ್ ರಾವ್ ಎಸೆದ ಚೆಂಡು ಅವರಿಗಿಂತ ಮೊದಲು ಬಂದು ಮುಟ್ಟಿತು. ರನೌಟ್. ಬೊಂಬಾಯಿ 307. ಹದಿನೈದು ವರ್ಷದ ಗಂಟು ಬಿಚ್ಚಿದ್ದು ಕೊನೆಗೆ ಒಂದು ಜಾರಿದ ಕಾಲಿನಿಂದ.

ಫೈನಲ್ ಜೈಪುರದಲ್ಲಿ, ರಾಜಸ್ಥಾನದ ಮೇಲೆ. ಅದನ್ನೂ ಗೆದ್ದು ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ತಂದಿತು. ಸೆಮಿಫೈನಲ್ ನೆನಪಿರುವಷ್ಟು ಆ ಫೈನಲ್ ಯಾರಿಗೂ ನೆನಪಿಲ್ಲ.

ನನ್ನ ಲೆಕ್ಕದಲ್ಲಿ ಬೀದರಿನಿಂದ ಚಾಮರಾಜನಗರದ ತನಕ ಒಂದು ತಂಡ 'ನಮ್ದು' ಆದದ್ದು ಆ ಮಾರ್ಚ್‌ನಲ್ಲೇ. ಮರಳಿಯಂಥ ಊರಿನಲ್ಲಿ ಆಗ ಟಿವಿ ಎಲ್ಲಿಯದು? ರೇಡಿಯೊ, ಅದೂ ಊರಿಗೊಂದೆರಡು. ಆದರೆ 'ಮೈಸೂರು ಗೆದ್ದಿತು' ಅನ್ನುವ ಸುದ್ದಿಗೂ 'ಕರ್ನಾಟಕ ಗೆದ್ದಿತು' ಅನ್ನುವ ಸುದ್ದಿಗೂ ನಮ್ಮ ಕಿವಿಗೆ ಅಜಗಜಾಂತರ. ಹೊಸ ಹೆಸರಿಗೆ ಅಷ್ಟು ಬೇಗ ಅಂಥ ಗೆಲುವು ಒದಗಿದ್ದು ಪುಣ್ಯ.

ಅದೇ ವರ್ಷ ನವೆಂಬರ್ 22ಕ್ಕೆ ಆ ಅಂಗಳದಲ್ಲಿ ಮೊದಲ ಟೆಸ್ಟ್, ಕ್ಲೈವ್ ಲಾಯ್ಡ್‌ರ ವೆಸ್ಟ್ ಇಂಡೀಸ್ ಜೊತೆ. ಪಿಚ್ ಇನ್ನೂ ಹಸಿಯಾಗಿತ್ತು. ವೆಸ್ಟ್ ಇಂಡೀಸ್ ಕಡೆಯಿಂದ ಇಬ್ಬರು ಹೊಸ ಹುಡುಗರು ಆ ದಿನ ಟೆಸ್ಟ್‌ಗೆ ಕಾಲಿಟ್ಟರು. ಒಬ್ಬ ಗಾರ್ಡನ್ ಗ್ರೀನಿಜ್, 93 ಮತ್ತು 107. ಇನ್ನೊಬ್ಬನನ್ನು ಚಂದ್ರಶೇಖರ್ ಎರಡೂ ಸಲ ಬೇಗ ಕಳಿಸಿಬಿಟ್ಟರು. ಆತನ ಹೆಸರು ವಿವಿಯನ್ ರಿಚರ್ಡ್ಸ್. ಲಾಯ್ಡ್ 163 ಚಚ್ಚಿದರು. ಭಾರತದ ನಾಯಕ ಪಟೌಡಿ, ವಿಕೆಟ್ ಕೀಪರ್ ಎಂಜಿನಿಯರ್ ಇಬ್ಬರೂ ಗಾಯಗೊಂಡು ಎರಡನೇ ಇನಿಂಗ್ಸಿನಲ್ಲಿ ಬ್ಯಾಟ್ ಹಿಡಿಯಲಿಲ್ಲ. ಸೋಲು 267 ರನ್ನಿನದು. ಅಂಗಳದ ಗೃಹಪ್ರವೇಶವೇ ಸೋಲಿನಿಂದ ಆಯಿತು ಅನ್ನಿ.

ಆಮೇಲಿನ ಎರಡು ದಶಕ ಬೇಗ ದಾಟಬಹುದು. 1977-78ರಲ್ಲಿ, 1982-83ರಲ್ಲಿ ಮತ್ತೆ ರಣಜಿ ಬಂತು. 1987ರ ಮಾರ್ಚ್‌ನಲ್ಲಿ ಪಾಕಿಸ್ತಾನದ ವಿರುದ್ಧದ ಟೆಸ್ಟ್. ಚೆಂಡು ಹಾವಿನ ಹಾಗೆ ಹೊರಳುತ್ತಿದ್ದ ಪಿಚ್ಚಿನ ಮೇಲೆ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್ ಆಡಿ 96 ಹೊಡೆದರು. ಭಾರತ 16 ರನ್ನಿನಿಂದ ಸೋತಿತು. ನಾನು ಓದಿದವುಗಳಲ್ಲೆಲ್ಲ ಆ 96ನ್ನು ಅವರ ಯಾವ ಶತಕಕ್ಕೂ ಕಡಿಮೆ ತೂಗಿದವರಿಲ್ಲ.

ಮರಳಿಯ ನನ್ನ ಓರಗೆಯವರಿಗೆ ಆ ಅಂಗಳ ಮೊದಲು ಕಣ್ಣಿಗೆ ಬಿದ್ದಿದ್ದು 1996ರ ಮಾರ್ಚ್ 9ರ ರಾತ್ರಿ. ವಿಶ್ವಕಪ್ ಕ್ವಾರ್ಟರ್‌ಫೈನಲ್, ಭಾರತ–ಪಾಕಿಸ್ತಾನ. ಆ ವಿಶ್ವಕಪ್ಪಿಗೆಂದೇ ಅಲ್ಲಿ ದೀಪದ ಗೋಪುರ ನಿಲ್ಲಿಸಿದ್ದರು. ಬೆಂಗಳೂರಿನಲ್ಲಿ ರಾತ್ರಿ ಹಗಲಾಗಿತ್ತು, ನಮ್ಮೂರಲ್ಲಿ ಕರೆಂಟ್ ಇರಲಿಲ್ಲ. ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ ತಂದು, ಕಟ್ಟೆಯ ಮೇಲೆ ಪುಟ್ಟ ಕಪ್ಪು-ಬಿಳುಪು ಟಿವಿ ಇಟ್ಟು, ವೈರಿನ ತುದಿಗೆ ಕ್ಲಿಪ್ ಸಿಕ್ಕಿಸಿ ನೋಡಿದ್ದು. ಬ್ಯಾಟರಿ ಸೊರಗಿದಂತೆ ಚಿತ್ರ ಕುಗ್ಗುತ್ತ ಬಂದು ಪರದೆಯ ಸುತ್ತ ಕರಿ ಅಂಚು ಕಟ್ಟುತ್ತಿತ್ತು. ಅಜಯ್ ಜಡೇಜ ಕೊನೆಯಲ್ಲಿ ವಕಾರ್ ಯೂನಿಸ್‌ನನ್ನು ಬಡಿದು 25 ಎಸೆತಕ್ಕೆ 45 ಮಾಡಿದಾಗ ಚೆಂಡು ಕಾಣಿಸುತ್ತಲೇ ಇರಲಿಲ್ಲ, ಜನರ ಕೂಗಿನಿಂದ ಬೌಂಡರಿ ಲೆಕ್ಕ ಹಾಕುತ್ತಿದ್ದೆವು.

ಮುಂದಿನದು ಎಲ್ಲರಿಗೂ ಬಾಯಿಪಾಠ. ಆಮಿರ್ ಸೊಹೈಲ್ ಬೌಂಡರಿ ಬಾರಿಸಿ, ಚೆಂಡು ಹೋದ ಕಡೆಗೆ ಬ್ಯಾಟ್ ತೋರಿಸಿ, ವೆಂಕಟೇಶ್ ಪ್ರಸಾದ್‌ಗೆ ಏನೋ ಅಂದ. ಮುಂದಿನ ಎಸೆತಕ್ಕೆ ಅವನ ಆಫ್ ಸ್ಟಂಪ್ ಕಿತ್ತುಹೋಯಿತು. ಅಲ್ಲಿಯ ತನಕ 1 ವಿಕೆಟ್ಟಿಗೆ 113 ಇದ್ದ ಪಾಕಿಸ್ತಾನ 248ಕ್ಕೆ ನಿಂತಿತು. ಅಂಗಳ ನಮ್ಮದು, ಬೌಲರ್ ನಮ್ಮವ. ಕಟ್ಟೆಯ ಮೇಲೆ ಯಾರೋ ಎಗರಿದ ರಭಸಕ್ಕೆ ಬ್ಯಾಟರಿಯ ಕ್ಲಿಪ್ ಕಳಚಿ ಟಿವಿ ಆರಿತು. ಅದನ್ನು ಮತ್ತೆ ಹಚ್ಚುವಷ್ಟರಲ್ಲಿ ಎರಡು ಓವರ್ ಹೋಗಿತ್ತು. ಎಗರಿದವನಿಗೆ ಬಿದ್ದ ಬೈಗುಳ ಇಲ್ಲಿ ಬರೆಯುವಂಥದಲ್ಲ.

ಅದೇ ವರ್ಷದ ಅಕ್ಟೋಬರ್ 21ಕ್ಕೆ ಟೈಟನ್ ಕಪ್‌ನಲ್ಲಿ ಆಸ್ಟ್ರೇಲಿಯ ಎದುರು 8 ವಿಕೆಟ್ ಬಿದ್ದಮೇಲೆ ಕುಂಬ್ಳೆ ಮತ್ತು ಶ್ರೀನಾಥ್ ಸೇರಿ 52 ರನ್ ಕೂಡಿಸಿ ಪಂದ್ಯ ಗೆದ್ದುಕೊಟ್ಟರು. ಆ ಕಾಲದಲ್ಲಿ ಭಾರತ ತಂಡ ಅಂದರೆ ಅರ್ಧ ಕರ್ನಾಟಕ: ಕುಂಬ್ಳೆ, ಶ್ರೀನಾಥ್, ಪ್ರಸಾದ್, ದ್ರಾವಿಡ್, ಸುನಿಲ್ ಜೋಷಿ. ಜೋಷಿ ನಮ್ಮ ಪಕ್ಕದ ಗದಗಿನವರು, ಕೊಪ್ಪಳದವರಿಗೆ ಮನೆಯವರಿದ್ದ ಹಾಗೆ. 1995-96, 1997-98, 1998-99, ನಾಲ್ಕು ವರ್ಷದಲ್ಲಿ ಮೂರು ರಣಜಿ. ಯಾರೂ 'ಕಪ್ ನಮ್ದೇ' ಎಂದು ಕೂಗಲಿಲ್ಲ. ಕೂಗುವ ಅಗತ್ಯ ಇರಲಿಲ್ಲ.

ಕೂಗು ಶುರುವಾಗಿದ್ದು ತಂಡವನ್ನು ದುಡ್ಡು ಕೊಟ್ಟು ಕೊಂಡ ಮೇಲೆ.

2008ರಲ್ಲಿ ಐಪಿಎಲ್ ಹರಾಜಾದಾಗ ಬೆಂಗಳೂರಿನ ತಂಡವನ್ನು ವಿಜಯ್ ಮಲ್ಯ ಅವರ ಕಂಪನಿ 11.16 ಕೋಟಿ ಡಾಲರಿಗೆ ಹಿಡಿಯಿತು. ರಾಯಲ್ ಚಾಲೆಂಜರ್ಸ್ ಬ್ಯಾಂಗಲೋರ್, ಅಂದರೆ ಆರ್‌ಸಿಬಿ, ಎಂಬ ಹೆಸರು ಬಂದಿದ್ದು ಒಂದು ವಿಸ್ಕಿಯ ಬ್ರಾಂಡಿನಿಂದ. ರಣಜಿ ತಂಡಕ್ಕೆ ರಾಜ್ಯದ ಹೆಸರು, ಈ ತಂಡಕ್ಕೆ ಬಾಟಲಿಯ ಹೆಸರು ಎಂದು ಮೂಗು ಮುರಿದವರಲ್ಲಿ ನಾನೂ ಒಬ್ಬ. ಏಪ್ರಿಲ್ 18ಕ್ಕೆ ಇಡೀ ಐಪಿಎಲ್‌ನ ಮೊದಲ ಪಂದ್ಯ ಚಿನ್ನಸ್ವಾಮಿಯಲ್ಲೇ ನಡೆಯಿತು. ಕೋಲ್ಕತ್ತದ ಬ್ರೆಂಡನ್ ಮೆಕಲಮ್ 73 ಎಸೆತಕ್ಕೆ 158. ಕೋಲ್ಕತ್ತ 222, ದ್ರಾವಿಡ್ ನಾಯಕತ್ವದ ಬೆಂಗಳೂರು 82. ಬೆಂಗಳೂರಿನ ಪರ ಎರಡಂಕಿ ಮುಟ್ಟಿದ ದಾಂಡಿಗ ಪ್ರವೀಣ್ ಕುಮಾರ್ ಒಬ್ಬರೇ, ಅವರದು 18. ಅದಕ್ಕಿಂತ ಇತರೆ ರನ್ನೇ ಒಂದು ಹೆಚ್ಚು, 19! 1934ರ ಚೆಪಾಕ್ ನೆನಪಿಸಿಕೊಳ್ಳಿ. ಟೂರ್ನಿಯ ಚರಿತ್ರೆಯ ಮೊದಲ ಪಂದ್ಯದಲ್ಲಿ ಹೊಡೆತ ತಿನ್ನುವುದು ನಮ್ಮ ಪಾಲಿಗೆ ಬರೆದಿಟ್ಟದ್ದೇ ಇರಬೇಕು.

ನಂತರದ ಸೋಲುಗಳನ್ನು ಆರ್‌ಸಿಬಿ ಅಭಿಮಾನಿಗಳು ತಿಥಿ ಲೆಕ್ಕ ಇಟ್ಟ ಹಾಗೆ ಇಟ್ಟಿದ್ದಾರೆ. 2009ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿನ ಸೋಲು, ಅದೂ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತಮೇಲೆ. 2011ರಲ್ಲಿ ಚೆನ್ನೈನಲ್ಲಿ ಚೆನ್ನೈಗೆ. ಎಲ್ಲಕ್ಕಿಂತ ಕಹಿ 2016ರ ಮೇ 29, ಸ್ವಂತ ಅಂಗಳದಲ್ಲಿ ಫೈನಲ್. ಹೈದರಾಬಾದ್ 208. ಗೇಲ್ ಮತ್ತು ಕೊಹ್ಲಿ ಹತ್ತೂವರೆ ಓವರಿನಲ್ಲಿ 114 ಸೇರಿಸಿದ್ದರು. ಕಪ್ಪಿಗೆ ಕೈ ಚಾಚಿದರೆ ಸಾಕಿತ್ತು. 200ಕ್ಕೆ ನಿಂತರು. ಆ ಋತುವಿನಲ್ಲಿ ಕೊಹ್ಲಿ ಒಬ್ಬರೇ ಹೊಡೆದಿದ್ದು 973 ರನ್.

ಇಲ್ಲಿ ಅಂಗಳದ ಬಗ್ಗೆ ಒಂದು ಮಾತು ಆಡಲೇಬೇಕು. ಚಿನ್ನಸ್ವಾಮಿಯ ಬೌಂಡರಿ ಚಿಕ್ಕದು, ಊರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಚೆಂಡು ಹಗುರಾಗಿ ಹಾರುತ್ತದೆ. 2013ರ ಏಪ್ರಿಲ್ 23ಕ್ಕೆ ಕ್ರಿಸ್ ಗೇಲ್ ಅಲ್ಲಿ 66 ಎಸೆತಕ್ಕೆ 175 ಹೊಡೆದರು, 17 ಸಿಕ್ಸರ್. ಅದನ್ನು ನೋಡಿ ಮಾಲೀಕರು ವರ್ಷಾ ವರ್ಷಾ ದಾಂಡಿಗರನ್ನೇ ಕೊಂಡರು. ಆದರೆ ಚಿಕ್ಕ ಅಂಗಳ ಎದುರಾಳಿಗೂ ಚಿಕ್ಕದೇ ಅಲ್ಲವೆ? 2024ರ ಏಪ್ರಿಲ್‌ನಲ್ಲಿ ಹೈದರಾಬಾದ್ ಅಲ್ಲಿ 287 ಹೊಡೆದು ಹೋಯಿತು. ಪ್ರಸನ್ನ, ಚಂದ್ರಶೇಖರ್ ಎಂಬ ಇಬ್ಬರು ಸ್ಪಿನ್ನರ್‌ಗಳಿಂದ ಹೆಸರು ಮಾಡಿದ ಅಂಗಳದಲ್ಲಿ ಬೌಲರನ್ನು ಲೆಕ್ಕಕ್ಕೆ ಇಡದ ತಂಡ ಕಟ್ಟಿದ್ದು ಆರ್‌ಸಿಬಿಯ ದೊಡ್ಡ ತಪ್ಪು. ಕೊನೆಗೂ ಕಪ್ ಬಂದ ವರ್ಷ ನೋಡಿ: ಹೇಜಲ್‌ವುಡ್, ಭುವನೇಶ್ವರ್, ಕೃಣಾಲ್ ಪಾಂಡ್ಯ. ಫೈನಲ್‌ನ ಶ್ರೇಷ್ಠ ಆಟಗಾರ 17 ರನ್ನಿಗೆ 2 ವಿಕೆಟ್ ಪಡೆದ ಕೃಣಾಲ್. ಇನ್ನೊಂದು ತಮಾಷೆ ಎಂದರೆ, ಆ ಋತುವಿನಲ್ಲಿ ರಜತ್ ಪಾಟೀದಾರ್ ತಂಡ ಎದುರಾಳಿಗಳ ಊರಿನಲ್ಲಿ ಆಡಿದ 7 ಲೀಗ್ ಪಂದ್ಯಗಳನ್ನೂ ಗೆದ್ದಿತು, ಚಿನ್ನಸ್ವಾಮಿಯ ಮೊದಲ ಮೂರನ್ನೂ ಸೋತಿತು. ಮೇ 17ಕ್ಕೆ, ಟೆಸ್ಟ್‌ಗೆ ವಿದಾಯ ಹೇಳಿದ ಕೊಹ್ಲಿಗಾಗಿ ಜನ ಬಿಳಿ ಅಂಗಿ ತೊಟ್ಟು ಬಂದು ಕೂತರೆ ಮಳೆ ಹಿಡಿಯಿತು. ನೆಲದಡಿಯಿಂದ ನೀರು ಹೀರುವ ಯಂತ್ರವನ್ನು 2017ರಲ್ಲೇ ಹೂತಿದ್ದರು, ಜಗತ್ತಿನ ಕ್ರಿಕೆಟ್ ಅಂಗಳಗಳಲ್ಲಿ ಮೊದಲನೆಯದು. ಮಳೆ ನಿಂತರಲ್ಲವೆ ಹೀರುವುದು? ಒಂದು ಎಸೆತವೂ ಆಗಲಿಲ್ಲ.

ಇಷ್ಟು ಸೋತ ತಂಡವನ್ನು ಜನ ಯಾಕೆ ಬಿಡಲಿಲ್ಲ? ಗೆದ್ದ ರಣಜಿ ತಂಡದ ನಾಯಕನ ಹೆಸರು ಕೇಳಿದರೆ ನಮ್ಮೂರಿನ ಹುಡುಗರು ತಲೆ ಕೆರೆದುಕೊಳ್ಳುತ್ತಾರೆ. ಆರ್. ವಿನಯ್ ಕುಮಾರ್ ನಾಯಕತ್ವದಲ್ಲಿ 2013-14, 2014-15 ಎರಡು ವರ್ಷ ಸತತ ಟ್ರೋಫಿ ಬಂದು ಲೆಕ್ಕ 8 ಆಯಿತು, ಎರಡನೆಯ ಫೈನಲ್‌ನಲ್ಲಿ ಕರುಣ್ ನಾಯರ್ 328 ಹೊಡೆದರು. ಅದು ಗೊತ್ತಿಲ್ಲ. ಸೋತ ಆರ್‌ಸಿಬಿಯ ಒಂದೊಂದು ಸೋಲಿನ ಒಂದೊಂದು ಓವರ್ ಗೊತ್ತು. ದಿನವಿಡೀ ನಡೆಯುವ ಆಟಕ್ಕೆ ಬಿಡುವು ಬೇಕು; ಸಂಜೆಯ ಮೂರೂವರೆ ತಾಸಿನ ಆಟ ಹೊಲದಿಂದ ಬಂದವನಿಗೂ ಎಟಕುತ್ತದೆ. ಟಿವಿಯಲ್ಲಿ ಕನ್ನಡ ಕಾಮೆಂಟರಿ ಬಂದಮೇಲಂತೂ ಹೆಂಗಸರೂ ಮುದುಕರೂ ಜೊತೆಗೂಡಿದರು. ಪ್ರತಿ ಮಾರ್ಚ್‌ನಲ್ಲಿ 'ಈ ಸಲ ಕಪ್ ನಮ್ದೇ' ಅನ್ನುವುದು, ಮೇ ಮುಗಿಯುವಾಗ 'ಬರೋ ವರ್ಷ ನೋಡೋಣ' ಅನ್ನುವುದು. ಮಳೆ ನಂಬಿ ಬಿತ್ತುವವರಿಗೆ ಈ ಮಾತು ಹೊಸದೇನಲ್ಲ. 2024ರ ಮಾರ್ಚ್‌ 17ಕ್ಕೆ ಸ್ಮೃತಿ ಮಂದಾನ ನಾಯಕತ್ವದ ಹೆಣ್ಣುಮಕ್ಕಳ ತಂಡ ದೆಹಲಿಯಲ್ಲಿ ಕಪ್ ಎತ್ತಿ ಗಂಡಸರಿಗಿಂತ ಮೊದಲು ಬಾಗಿಲು ತೆರೆಯಿತು. ಅದರ ಬೆನ್ನಿಗೇ ತಂಡದ ಹೆಸರಿನಲ್ಲಿದ್ದ 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಬಂತು.

ಅಮೆರಿಕದಲ್ಲೂ ಇಂಥದೊಂದು ತಂಡವಿತ್ತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಡಾಡ್ಜರ್ಸ್ ಎಂಬ ಬೇಸ್‌ಬಾಲ್ ತಂಡ, ಅದರ ಅಂಗಳ 1913ರಲ್ಲಿ ತೆರೆದ ಎಬೆಟ್ಸ್ ಫೀಲ್ಡ್. ಕೂಲಿಕಾರರ ಕೇರಿಗಳ ನಡುವಿನ ಇಕ್ಕಟ್ಟಿನ ಅಂಗಳ. 1916ರಿಂದ 1953ರ ನಡುವೆ 7 ಸಲ ಅಂತಿಮ ಸರಣಿಗೆ ಹೋಗಿ 7 ಸಲವೂ ಸೋತಿತು. ಅಲ್ಲಿನವರ ಬಾಯಲ್ಲೂ ಒಂದೇ ಮಾತು: ಬರೋ ವರ್ಷ ನೋಡೋಣ. 1955ರಲ್ಲಿ ಗೆದ್ದರು, ಬೀದಿಗೆ ಬೀದಿಯೇ ಕುಣಿಯಿತು. ಎರಡು ವರ್ಷ ಕಳೆಯುವುದರಲ್ಲಿ ಮಾಲೀಕ ತಂಡವನ್ನು ಎತ್ತಿಕೊಂಡು ಲಾಸ್ ಏಂಜಲೀಸ್‌ಗೆ ಹೋಗಿಬಿಟ್ಟ. 1960ರಲ್ಲಿ ಅಂಗಳ ಕೆಡವಿದರು, ಈಗ ಅಲ್ಲಿ ವಸತಿ ಕಟ್ಟಡಗಳಿವೆ. ಜನ ನಮ್ದು ಅಂದುಕೊಂಡಿದ್ದರು, ಕಾಗದ ಬೇರೆಯವರ ಹೆಸರಿನಲ್ಲಿತ್ತು.

2025ರ ಜೂನ್ 4ಕ್ಕೆ ಬರೋಣ. ಫೈನಲ್ ಗೆದ್ದು ಪೂರ್ತಿ ಒಂದು ದಿನವೂ ಆಗಿರಲಿಲ್ಲ. ಮಧ್ಯಾಹ್ನದ ಮೇಲೆ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ, ಆಮೇಲೆ ಚಿನ್ನಸ್ವಾಮಿಯಲ್ಲಿ ಸಂಭ್ರಮ ಎಂದು ಸುದ್ದಿ ಹಬ್ಬಿತು. ಅಂಗಳದೊಳಗೆ ಹಿಡಿಯುವುದು ಸುಮಾರು 35 ಸಾವಿರ ಜನ. ಬಂದವರು ಲಕ್ಷ ಮೀರಿದ್ದರು. ಒಳಗೆ ಬಿಡಲು ಪಾಸು ಬೇಕೋ ಬೇಡವೋ ಎಂಬುದೇ ಜನರಿಗೆ ಸ್ಪಷ್ಟವಿರಲಿಲ್ಲ. ಆ ಅಂಗಳದ ಗೇಟುಗಳು ನೇರ ಫುಟ್‌ಪಾತಿಗೆ, ರಸ್ತೆಗೆ ತೆರೆಯುತ್ತವೆ. ಕಾದು ನಿಲ್ಲಲು ಹೊರಗೆ ಬಯಲಿಲ್ಲ. ಊರ ನಡುವೆ ಜಾಗ ಸಿಕ್ಕ ಭಾಗ್ಯದ ಇನ್ನೊಂದು ಮುಖ ಅದು. ಗೇಟುಗಳ ಬಳಿ ನೂಕುನುಗ್ಗಲಾಗಿ 11 ಮಂದಿ ಸತ್ತರು, 50ಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಸತ್ತವರಲ್ಲಿ ಬಹಳಷ್ಟು ಜನ ಎಳೆಯ ವಯಸ್ಸಿನವರು. ಹೊರಗೆ ಹೀಗಾಗುತ್ತಿರುವಾಗ ಒಳಗೆ ಸಂಭ್ರಮ ನಡೆದೇ ಇತ್ತು.

ಹಿಂದಿನ ರಾತ್ರಿ ಪಟಾಕಿ ಹಚ್ಚಿದ ಹುಡುಗರಲ್ಲಿ ಇಬ್ಬರು, ಹೊಸಪೇಟೆಗೆ ಹೋಗಿ ಹಂಪಿ ಎಕ್ಸ್‌ಪ್ರೆಸ್ ಹಿಡಿಯೋಣವೇ ಎಂದು ಮಾತಾಡಿಕೊಂಡಿದ್ದರು. ರೈಲು ತಪ್ಪಿತ್ತು. ಮರುದಿನ ಸಂಜೆ ಅದೇ ಚಹಾದಂಗಡಿಯಲ್ಲಿ ಟಿವಿ ನೋಡುತ್ತ ಅವರು ಮಾತಾಡಲಿಲ್ಲ. ಕಾಕಾನೂ ಏನೂ ಕೇಳಲಿಲ್ಲ.

ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕಲ್ ಡಿ'ಕುನ್ಹ ಆಯೋಗ, ಭಾರಿ ಜನ ಸೇರುವ ಕಾರ್ಯಕ್ರಮಕ್ಕೆ ಈ ಅಂಗಳದ ರಚನೆ ಸುರಕ್ಷಿತವಲ್ಲ ಎಂದು ಹೇಳಿತು. ಬೆಂಗಳೂರಿಗೆ ಗೊತ್ತಾಗಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ಬೇರೆ ಊರಿಗೆ ಹೋದವು. ನವೆಂಬರ್‌ನಲ್ಲಿ ತಂಡದ ಮಾಲೀಕ ಕಂಪನಿ, ತಂಡವನ್ನು ಮಾರುವ ದಾರಿಯೂ ಸೇರಿದಂತೆ ಮುಂದೇನು ಎಂಬುದನ್ನು ಪರಿಶೀಲಿಸುವುದಾಗಿ ಪ್ರಕಟಿಸಿತು. ಡಿಸೆಂಬರ್‌ನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಗೆ ಚುನಾವಣೆ ನಡೆದು ಹೊಸ ಅಧ್ಯಕ್ಷರು ಬಂದರು: ವೆಂಕಟೇಶ್ ಪ್ರಸಾದ್, ಸೊಹೈಲ್‌ನ ಸ್ಟಂಪ್ ಕಿತ್ತ ಅದೇ ಪ್ರಸಾದ್. ಅಂಗಳಕ್ಕೆ ಪಂದ್ಯ ವಾಪಸ್ ತರುವ ಹೊಣೆ ಅವರ ಮೇಲೆ ಬಿತ್ತು. ಅದಕ್ಕಿಂತ ಮೊದಲು ಆಗಬೇಕಿದ್ದದ್ದು ಆ ಗೇಟುಗಳನ್ನು ಅಗಲ ಮಾಡಿಸುವುದು, ಹೊರಗೆ ಜನ ನಿಲ್ಲಲು ಒಂದಿಷ್ಟು ಜಾಗ ಬಿಡಿಸುವುದು.

ಕಾಕಾ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಐಪಿಎಲ್ ಕಪ್ ಕಂಪನಿಯದು, ನಾವು ನೋಡುವವರು. ರಣಜಿಯ ಆ 8 ಕಪ್ ಮಾತ್ರ ರಾಜ್ಯದ ಹೆಸರಿನಲ್ಲಿವೆ, ಅದರಲ್ಲಿ ಮರಳಿಗೂ ಪಾಲಿದೆ. ಹುಬ್ಬಳ್ಳಿಯ ರಾಜನಗರ ಸ್ಟೇಡಿಯಂನಲ್ಲಿ ಕರ್ನಾಟಕ ತಂಡ ಆಗಾಗ ರಣಜಿ ಆಡುತ್ತದೆ. ಗಂಗಾವತಿಯಿಂದ ಹುಬ್ಬಳ್ಳಿಗೆ ಈಗ ರೈಲೇ ಇದೆ. ಮುಂದಿನ ಸಲ ಪಂದ್ಯ ಬಂದಾಗ ನಾಟಿ ಮುಗಿದಿದ್ದರೆ ಇಬ್ಬರೂ ಹೋಗಿ ಬರೋಣ. ಬುತ್ತಿ ನಾನು ತರುತ್ತೇನೆ, ಕೂರಲು ಜಾಗ ಬೇಕಾದಷ್ಟಿರುತ್ತದೆ.